ಸಾಸಿವೆಯಷ್ಟು ಹುಳು, ಸಾಗರದಷ್ಟು ಕಳೆ

ಕೇರಳದ ಕುಟ್ಟನಾಡಿನಲ್ಲಿ ನೆಲಕ್ಕಿಂತ ನೀರೇ ಹೆಚ್ಚು. ಪಂಪಾ ಮತ್ತಿತರ ನದಿಗಳು ವೇಂಬನಾಡು ಸರೋವರವನ್ನು ಕೂಡುವಲ್ಲಿ ಹರಡಿಕೊಂಡ ಈ ಜೌಗು ಸೀಮೆಯ ಅನೇಕ ಗದ್ದೆಗಳು ಸಮುದ್ರ ಮಟ್ಟಕ್ಕಿಂತಲೂ ಕೆಳಗಿವೆ. ಬದು ಕಟ್ಟಿ, ನೀರನ್ನು ಹೊರಹಾಕಿ, ತಳದ ಕೆಸರಿನಲ್ಲಿ ಭತ್ತ ಬೆಳೆಯುವುದು ಇಲ್ಲಿನವರು ತಲೆಮಾರುಗಳಿಂದ ಕಲಿತ ವಿದ್ಯೆ. ಗೊಬ್ಬರ ಗದ್ದೆಗೆ ಹೋಗಬೇಕಾದರೂ, ಭತ್ತ ಮಾರುಕಟ್ಟೆಗೆ ಬರಬೇಕಾದರೂ, ಮಕ್ಕಳು ಶಾಲೆ ಸೇರಬೇಕಾದರೂ ದೋಣಿಯೇ ಗತಿ.

1960ರ ದಶಕದ ನಡುವಿನಲ್ಲಿ ಈ ನೀರಿನ ದಾರಿಗಳು ಒಂದೊಂದಾಗಿ ಮುಚ್ಚಿಹೋಗತೊಡಗಿದವು. ಕಾಲುವೆಗಳ ಮೇಲೆ ದಪ್ಪ ಹಸಿರು ಜಮಖಾನವೊಂದು ಹಾಸಿಕೊಂಡಿತು. ಹುಟ್ಟು ಹಾಕಿದರೆ ದೋಣಿ ಮುಂದೆ ಸರಿಯದು, ಬಲೆ ಬೀಸಿದರೆ ನೀರಿಗೆ ಇಳಿಯದು. ಗದ್ದೆಗೆ ನುಗ್ಗಿದ ಕಳೆಯನ್ನು ಕೂಲಿಯಾಳು ಹಚ್ಚಿ ಬಾಚಿ ದಡಕ್ಕೆ ಎಸೆಯದೆ ನಾಟಿ ಮಾಡುವಂತಿಲ್ಲ. ಬಾಚಿದಷ್ಟೂ ಕೆಲವೇ ವಾರಗಳಲ್ಲಿ ಮತ್ತೆ ಹಾಜರು. ಈ ಕಳೆ ಆಫ್ರಿಕದಿಂದ ಬಂದದ್ದೆಂದು ಜನ ತಿಳಿದರು. 'ಆಫ್ರಿಕನ್ ಪಾಯಲ್', ಅಂದರೆ ಆಫ್ರಿಕದ ಪಾಚಿ ಎಂದು ಹೆಸರಿಟ್ಟರು. ಆ ಹೆಸರು ಎರಡು ಸಲ ತಪ್ಪು. ಅದು ಆಫ್ರಿಕದ್ದಲ್ಲ, ಪಾಚಿಯೂ ಅಲ್ಲ. ಹೆಸರಿನ ಇಂಥ ತಪ್ಪುಗಳೇ ಈ ಕಥೆಯ ಉದ್ದಕ್ಕೂ ಮತ್ತೆ ಮತ್ತೆ ಎದುರಾಗುತ್ತವೆ.

ಇಪ್ಪತ್ತು ವರ್ಷ ಕುಟ್ಟನಾಡನ್ನು ಕಾಡಿದ ಈ ಪೀಡೆ 1980ರ ದಶಕದಲ್ಲಿ ಮೂರ್ನಾಲ್ಕು ವರ್ಷಗಳಲ್ಲೇ ಬಹುಮಟ್ಟಿಗೆ ಇಳಿದುಹೋಯಿತು. ಇಳಿಸಿದ್ದು ಯಂತ್ರವಲ್ಲ, ವಿಷವಲ್ಲ. ಸುಮಾರು ಎರಡು ಮಿಲಿಮೀಟರ್ ಉದ್ದದ, ಸಾಸಿವೆ ಕಾಳಿನಷ್ಟು ಗಾತ್ರದ ಒಂದು ಕಪ್ಪು ಹುಳು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಮಾತು ಇದರಷ್ಟು ಚೆನ್ನಾಗಿ ಒಪ್ಪುವ ಜೀವಿ ವಿರಳ. ಅಕ್ಕಿ ಡಬ್ಬದಲ್ಲಿ ಕಾಣಿಸಿಕೊಳ್ಳುವ, ಮುಂದಕ್ಕೆ ಚಾಚಿದ ಮೂತಿಯ ಹುಳು ಎಲ್ಲ ಗೃಹಿಣಿಯರಿಗೂ ಗೊತ್ತು. ಅದೇ ಮೂತಿಹುಳುಗಳ ದೊಡ್ಡ ಬಳಗಕ್ಕೆ ಸೇರಿದ ಪುಟ್ಟ ದುಂಬಿ ಇದು. ಕುಲದ ಹೆಸರು ಸಿರ್ಟೊಬೇಗಸ್. ಈ ಕುಲದಲ್ಲಿ ಹೆಸರು ಪಡೆದಿರುವ ಪ್ರಭೇದಗಳು ಎರಡೇ ಎರಡು. ಎರಡೂ ದಕ್ಷಿಣ ಅಮೆರಿಕದ ಕೊಳ, ಜೌಗು, ಹಿನ್ನೀರುಗಳಲ್ಲಿ ತೇಲುವ ಒಂದೇ ಬಗೆಯ ಗಿಡಗಳನ್ನು ನೆಚ್ಚಿ ಬದುಕುವಂಥವು.

ಬೇರಿಲ್ಲದ, ಬೀಜವಿಲ್ಲದ ಗಿಡ

ಆ ಗಿಡ ಸಾಲ್ವಿನಿಯಾ. ನೋಡಲು ಎಲೆಗಿಡದಂತಿದ್ದರೂ ಇದು ಜರೀಗಿಡಗಳ ಸಂಬಂಧಿ. ಹೂ ಬಿಡುವುದಿಲ್ಲ, ಬೀಜ ಕಟ್ಟುವುದಿಲ್ಲ. ಕಾಂಡದ ಪ್ರತಿ ಗೆಣ್ಣಿನಲ್ಲಿ ಮೂರು ಎಲೆ. ಎರಡು ನೀರಿನ ಮೇಲೆ ತೇಲುತ್ತವೆ. ಮೂರನೆಯದು ನೂಲುನೂಲಾಗಿ ಸೀಳಿಕೊಂಡು ನೀರಿನೊಳಗೆ ಜೋತುಬಿದ್ದಿರುತ್ತದೆ. ನೋಡಿದವರು ಅದನ್ನು ಬೇರೆಂದೇ ಭಾವಿಸುತ್ತಾರೆ. ನಿಜವಾದ ಬೇರು ಈ ಗಿಡಕ್ಕೆ ಇಲ್ಲವೇ ಇಲ್ಲ. ತೇಲುವ ಎಲೆಗಳ ಮೇಲೆ ಸಣ್ಣ ಕೂದಲುಗಳ ಸಾಲುಗಳಿದ್ದು, ಪ್ರತಿ ಕೂದಲಿನ ತುದಿ ಮೊಟ್ಟೆ ಕಡೆಯುವ ತಂತಿಯ ಕಡಗೋಲಿನಂತೆ ಕವಲೊಡೆದು ಮತ್ತೆ ಕೂಡಿಕೊಂಡಿರುತ್ತದೆ. ಈ ಕೂದಲುಗಳ ನಡುವೆ ಗಾಳಿ ಸೆರೆಯಾಗುವುದರಿಂದ ಎಲೆ ನೆನೆಯುವುದಿಲ್ಲ, ಮುಳುಗಿಸಿದರೂ ಮೇಲೇಳುತ್ತದೆ.

ಸಾಲ್ವಿನಿಯಾ ಕುಲದಲ್ಲಿ ಹಲವು ಪ್ರಭೇದಗಳಿವೆ. ಕುಟ್ಟನಾಡಿಗೆ ಬಂದದ್ದು ಅವುಗಳಲ್ಲೇ ವಿಚಿತ್ರವಾದದ್ದು. ಅದು ಮಿಶ್ರ ತಳಿ. ಜೀವಕೋಶದಲ್ಲಿ ವರ್ಣತಂತುಗಳು ಐದೈದು ಜೊತೆಯಾಗಿ ಒಟ್ಟು 45 ಇರುವುದರಿಂದ ಅವು ಸರಿಯಾಗಿ ಪಾಲಾಗಲಾರವು. ಹೀಗಾಗಿ ಗಿಡ ಬಂಜೆ. ಆದರೆ ಬಂಜೆತನ ಇದಕ್ಕೆ ಕೊರತೆಯೇ ಆಗಿಲ್ಲ. ಕಾಂಡ ಮುರಿದರೆ ಮುರಿದ ತುಂಡು ಹೊಸ ಗಿಡವಾಗುತ್ತದೆ. ಲೋಕದ ನಾನಾ ದೇಶಗಳಲ್ಲಿ ಹರಡಿರುವ ಈ ಕಳೆಯೆಲ್ಲ ಒಂದರ್ಥದಲ್ಲಿ ಒಂದೇ ಗಿಡದ ತುಂಡುಗಳು.

ಬೆಚ್ಚಗಿನ, ಸತ್ವವುಳ್ಳ ನೀರು ಸಿಕ್ಕರೆ ಇದು ಒಂದು ವಾರದೊಳಗೇ ಇಮ್ಮಡಿಯಾಗಬಲ್ಲದು. ವಾರಕ್ಕೊಮ್ಮೆ ಇಮ್ಮಡಿ ಎಂದರೂ ಲೆಕ್ಕ ಭಯ ಹುಟ್ಟಿಸುತ್ತದೆ. ಕೆರೆಯ ಹದಿನಾರನೆಯ ಒಂದು ಭಾಗ, ಹಳೆಯ ಲೆಕ್ಕದಲ್ಲಿ ಹೇಳುವುದಾದರೆ ಒಂದು ವೀಸ, ಮುಚ್ಚಿದಾಗ ಊರಿನವರು ಅದನ್ನು ಗಮನಿಸದಿರಬಹುದು. ಅಲ್ಲಿಂದ ನಾಲ್ಕೇ ವಾರದಲ್ಲಿ ಕೆರೆ ಪೂರ್ತಿ ಮುಚ್ಚಿರುತ್ತದೆ. ಆಮೇಲೆ ಗಿಡದ ಮೇಲೆ ಗಿಡ ಒತ್ತರಿಸಿಕೊಂಡು ಚಾಪೆ ದಪ್ಪವಾಗುತ್ತದೆ. ಕೆಳಗಿನ ನೀರಿಗೆ ಬೆಳಕಿಲ್ಲ, ಗಾಳಿಯಿಲ್ಲ. ಮೀನು ಸಾಯುತ್ತದೆ. ತೇಲುಗಿಡಗಳ ಬುಡಕ್ಕೆ ಕೊಳವೆ ಚುಚ್ಚಿ ಉಸಿರಾಡುವ ಮ್ಯಾನ್ಸೋನಿಯಾ ಸೊಳ್ಳೆಯ ಮರಿಗಳಿಗೆ ಮಾತ್ರ ಹಬ್ಬ. ಆನೆಕಾಲು ರೋಗವನ್ನು ಹರಡುವ ಸೊಳ್ಳೆಗಳಲ್ಲಿ ಇದೂ ಒಂದು.

ಕರೀಬಾದ ಕಳೆ

ಈ ಗಿಡ ತವರು ಬಿಟ್ಟು ಹೊರಟದ್ದು ತಾನಾಗಿಯೇ ಅಲ್ಲ. ಕೊಳದ ಅಂದಕ್ಕೆಂದೋ ಗಾಜಿನ ತೊಟ್ಟಿಯ ಮೀನಿಗೆ ನೆರಳಾಗಲೆಂದೋ ಪಾಠಕ್ಕೆ ಮಾದರಿಯಾಗಲೆಂದೋ ಮನುಷ್ಯರೇ ಅದನ್ನು ಒಯ್ದರು. ದಕ್ಷಿಣ ಅಮೆರಿಕದ ಹೊರಗೆ ಇದು ಮೊದಲು ದಾಖಲಾದದ್ದು ಶ್ರೀಲಂಕಾದಲ್ಲಿ, 1939ರಲ್ಲಿ. ಕೊಲಂಬೋದಲ್ಲಿ ಸಸ್ಯಶಾಸ್ತ್ರದ ಅಧ್ಯಯನಕ್ಕೆಂದು ತರಿಸಿದ್ದ ಗಿಡ ಹೊರಬಿದ್ದು ಗದ್ದೆಗಳಿಗೆ ಹರಡಿತು. 1955ರಲ್ಲಿ ತಿರುವನಂತಪುರದ ವೇಳಿ ಸರೋವರದಲ್ಲಿ ಕಾಣಿಸಿಕೊಂಡಿತು. ಮುಂದಿನ ಹತ್ತು ವರ್ಷಗಳಲ್ಲಿ ಕೇರಳದ ಹಿನ್ನೀರುಗಳನ್ನು ಆಕ್ರಮಿಸಿತು.

ಲೋಕದ ಗಮನ ಸೆಳೆದದ್ದು ಆಫ್ರಿಕದ ಜಾಂಬೆಜಿ ನದಿಯಲ್ಲಿ ಆದ ಅವಾಂತರ. ಕರೀಬಾದಲ್ಲಿ ಕಟ್ಟಿದ ಭಾರಿ ಅಣೆಕಟ್ಟಿನ ಹಿಂದೆ 1958ರ ಕೊನೆಯಲ್ಲಿ ನೀರು ನಿಲ್ಲತೊಡಗಿತು. ಕೆಲವೇ ತಿಂಗಳಲ್ಲಿ, 1959ರಲ್ಲಿ, ಸಾಲ್ವಿನಿಯಾ ಕಾಣಿಸಿಕೊಂಡಿತು. 1962ರ ವೇಳೆಗೆ ಅದು ಸುಮಾರು ಸಾವಿರ ಚದರ ಕಿಲೋಮೀಟರ್, ಅಂದರೆ ಜಲಾಶಯದ ಐದನೆಯ ಒಂದು ಭಾಗದಷ್ಟನ್ನು ಮುಚ್ಚಿತ್ತು. ವಿದ್ಯುತ್ತಿಗಾಗಿ, ಮೀನುಗಾರಿಕೆಗಾಗಿ ಕಟ್ಟಿದ ಮನುಷ್ಯ ನಿರ್ಮಿತ ಸಮುದ್ರವೊಂದು ಕಣ್ಣೆದುರಿಗೇ ಹಸಿರು ಗದ್ದೆಯಾಗುತ್ತಿರುವುದನ್ನು ಕಂಡು ತಜ್ಞರು ಕಂಗಾಲಾದರು.

ತವರಿನಲ್ಲಿ ಹದ್ದುಬಸ್ತಿನಲ್ಲಿರುವ ಗಿಡ ಪರದೇಶದಲ್ಲಿ ಮಿತಿಮೀರುವುದೇಕೆ? ತವರಿನಲ್ಲಿ ಅದನ್ನು ತಿನ್ನುವ ಹುಳುಗಳಿರುತ್ತವೆ, ಗಿಡ ಹಡಗು ಹತ್ತುವಾಗ ಆ ಶತ್ರುಗಳು ಹಿಂದೆ ಉಳಿಯುತ್ತವೆ. ಆದ್ದರಿಂದ ಶತ್ರುವನ್ನೂ ಹುಡುಕಿ ತರಬೇಕು. ಜೈವಿಕ ಹತೋಟಿ ಎಂದು ಕರೆಯುವ ವಿಧಾನದ ತಿರುಳು ಇಷ್ಟೇ. ಅದನ್ನು ಮಾಡಲು ಮೊದಲು ತಿಳಿಯಬೇಕಾದದ್ದು ಕಳೆಯ ತವರು ಯಾವುದು ಎಂಬುದು. ತವರು ತಿಳಿಯಲು ಗಿಡದ ಸರಿಯಾದ ಗುರುತು ತಿಳಿದಿರಬೇಕು. ಎಡವಟ್ಟಾದದ್ದು ಅಲ್ಲೇ.

ತಪ್ಪಿದ ಗುರುತು

ಕರೀಬಾದ ಕಳೆ 'ಸಾಲ್ವಿನಿಯಾ ಆರಿಕ್ಯುಲೇಟಾ' ಎಂಬ ಪ್ರಭೇದವೆಂದು ಆಗ ಎಲ್ಲರೂ ನಂಬಿದ್ದರು. ಆ ಗಿಡ ಬೆಳೆಯುವ ಟ್ರಿನಿಡಾಡ್, ಗಯಾನಾ ಸೀಮೆಗಳಲ್ಲಿ 1961ರಿಂದ ಹುಡುಕಾಟ ನಡೆಯಿತು. ಅಲ್ಲಿ ಮೂರು ಕೀಟಗಳು ಭರವಸೆ ಹುಟ್ಟಿಸಿದವು: ಪೌಲಿನಿಯಾ ಎಂಬ ಮಿಡತೆ, ಸಾಮಿಯಾ ಎಂಬ ಪತಂಗ, ಮತ್ತು 1929ರಲ್ಲೇ ಹೆಸರು ಪಡೆದಿದ್ದ ಸಿರ್ಟೊಬೇಗಸ್ ಸಿಂಗ್ಯುಲಾರಿಸ್ ಎಂಬ ಮೂತಿಹುಳು. ಇವನ್ನು ಆಫ್ರಿಕ, ಫಿಜಿ ಮುಂತಾದೆಡೆ ಬಿಟ್ಟರು. ಕೇರಳಕ್ಕೂ ಟ್ರಿನಿಡಾಡಿನ ಮಿಡತೆ 1974ರಲ್ಲಿ ಬಂತು. ಕೀಟಗಳು ಅಲ್ಲಲ್ಲಿ ನೆಲೆಯೂರಿದವು, ಎಲೆಗಳನ್ನು ಮೆಂದವು. ಕಳೆ ಮಾತ್ರ ಅಲುಗಲಿಲ್ಲ. ಕರೀಬಾದಲ್ಲಿ ಕಳೆ ಮುಂದೆ ತಗ್ಗಿತಾದರೂ ಅದಕ್ಕೆ ಅಲೆಗಳ ಹೊಡೆತ ಮತ್ತು ನೀರಿನಲ್ಲಿ ಕುಗ್ಗಿದ ಸತ್ವ ಮುಖ್ಯ ಕಾರಣಗಳಾಗಿದ್ದವು.

1972ರಲ್ಲಿ ಡಿ. ಎಸ್. ಮಿಚೆಲ್ ಎಂಬ ಸಸ್ಯಶಾಸ್ತ್ರಜ್ಞರು ಕರೀಬಾದ ಕಳೆಯನ್ನು ಕೂಲಂಕಷವಾಗಿ ಪರೀಕ್ಷಿಸಿ, ಇದು ಆರಿಕ್ಯುಲೇಟಾ ಅಲ್ಲವೇ ಅಲ್ಲ, ಇದುವರೆಗೆ ಹೆಸರಿಲ್ಲದ ಬೇರೆಯೇ ಪ್ರಭೇದ ಎಂದು ತೋರಿಸಿಕೊಟ್ಟರು. ಅವರಿಟ್ಟ ಹೆಸರು 'ಸಾಲ್ವಿನಿಯಾ ಮೊಲೆಸ್ಟಾ'. ಲ್ಯಾಟಿನ್ ಭಾಷೆಯಲ್ಲಿ ಮೊಲೆಸ್ಟಾ ಎಂದರೆ ಉಪದ್ರವ ಕೊಡುವಂಥದ್ದು. ಹತ್ತು ವರ್ಷಗಳ ಕಾಲ ತಪ್ಪು ಊರಿನಲ್ಲಿ ತಪ್ಪು ಮನೆಯ ಬಾಗಿಲು ತಟ್ಟಿದಂತಾಗಿತ್ತು. ಹಾಗಾದರೆ ಈ ಉಪದ್ರವಿಯ ಸ್ವಂತ ಊರು ಯಾವುದು? ಉತ್ತರ ಸಿಗಲು ಮತ್ತೆ ಆರು ವರ್ಷ ಹಿಡಿಯಿತು. 1978ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದ ವೆಂಡಿ ಫೋರ್ನೊ ಮತ್ತು ಕೆನ್ ಹಾರ್ಲಿ ಆಗ್ನೇಯ ಬ್ರೆಜಿಲ್‌ನಲ್ಲಿ ಮೊಲೆಸ್ಟಾದ ತವರನ್ನು ಪತ್ತೆ ಮಾಡಿದರು.

ಅಲ್ಲಿಯೂ ಅದೇ ಮೂರು ಬಗೆಯ ಕೀಟಗಳು ಕಾಣಿಸಿದವು. ಮೂತಿಹುಳುವೂ ಇತ್ತು. ಅದು ಹಳೆಯ ಸಿಂಗ್ಯುಲಾರಿಸ್ ಎಂದೇ ಸಂಶೋಧಕರು ತಿಳಿದರು. ಆಫ್ರಿಕದಲ್ಲಿ ಸೋತ ಹುಳುವನ್ನೇ ಮತ್ತೊಮ್ಮೆ ಪ್ರಯೋಗಿಸುವುದೇ ಎಂಬ ಅನುಮಾನ ಸಹಜವಾದರೂ, ಕಳೆಯ ತವರಿನಲ್ಲೇ ಸಿಕ್ಕಿದ್ದೆಂಬ ಕಾರಣಕ್ಕೆ ಅದನ್ನು ಆಸ್ಟ್ರೇಲಿಯಾಕ್ಕೆ ಒಯ್ದು ಪರೀಕ್ಷೆಗೆ ಒಡ್ಡಿದರು.

1980ರಲ್ಲಿ ಕ್ವೀನ್ಸ್‌ಲ್ಯಾಂಡಿನ ಗಣಿ ಪಟ್ಟಣ ಮೌಂಟ್ ಐಸಾದ ಬಳಿಯ ಮೂಂಡಾರಾ ಸರೋವರದಲ್ಲಿ ಈ ಹುಳುಗಳನ್ನು ಬಿಡಲಾಯಿತು. ಸರೋವರದ ಸುಮಾರು 200 ಹೆಕ್ಟೇರ್ ಆಗ ಕಳೆಯ ಪಾಲಾಗಿತ್ತು. ಮರುವರ್ಷದ ಮಧ್ಯಭಾಗದ ಹೊತ್ತಿಗೆ ಹಸಿರು ಚಾಪೆ ಕಂದಾಗಿ, ಕೊಳೆತು, ಮುಳುಗಿ, ನೀರು ತೆರೆದುಕೊಂಡಿತು. ಸಂಶೋಧಕರೇ ಬೆರಗಾದರು. ಸೋತ ಹುಳು ಇಲ್ಲಿ ಗೆದ್ದದ್ದು ಹೇಗೆ?

ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕುಳಿತಾಗ ಗುಟ್ಟು ರಟ್ಟಾಯಿತು. ಗಿಡದ ವಿಷಯದಲ್ಲಿ ಆದ ತಪ್ಪೇ ಹುಳುವಿನ ವಿಷಯದಲ್ಲೂ ಆಗಿತ್ತು. ಬ್ರೆಜಿಲ್‌ನ ಈ ಹುಳು ಟ್ರಿನಿಡಾಡಿನ ಹುಳುವಲ್ಲ. ಮೇಲುನೋಟಕ್ಕೆ ಅವಳಿಗಳಂತಿದ್ದರೂ ನಡವಳಿಕೆ ಬೇರೆ. ಸಿಂಗ್ಯುಲಾರಿಸ್‌ನ ಮರಿ ಹೆಚ್ಚಾಗಿ ಗಿಡವನ್ನು ಹೊರಗಿನಿಂದ ಕೆರೆದು ತಿನ್ನುತ್ತದೆ. ಹೊಸ ಹುಳುವಿನ ಮರಿಯಾದರೋ ಕಾಂಡದೊಳಗೇ ಸುರಂಗ ಕೊರೆಯುತ್ತದೆ. ಕಾಲ್ಡರ್ ಮತ್ತು ಸ್ಯಾಂಡ್ಸ್ ಎಂಬ ವಿಜ್ಞಾನಿಗಳು 1985ರಲ್ಲಿ ಇದನ್ನು ಸಿರ್ಟೊಬೇಗಸ್ ಸಾಲ್ವಿನಿಯೇ ಎಂಬ ಹೊಸ ಪ್ರಭೇದವಾಗಿ ಪ್ರಕಟಿಸಿದರು. ಅಷ್ಟು ಹೊತ್ತಿಗೆ ಈ ಹುಳು ಒಂದು ಸರೋವರವನ್ನು ಬಿಡಿಸಿಕೊಟ್ಟು, ಬೆಂಗಳೂರಿಗೂ ಬಂದು, ಕೇರಳಕ್ಕೂ ಕಾಲಿಟ್ಟಾಗಿತ್ತು. ಹೆಸರಿಡುವ ಮೊದಲೇ ಹೆಸರು ಮಾಡಿದ ಹುಳು ಇದು.

ಹುಳುವಿನ ಸಂಸಾರ

ಈ ಹುಳುವಿನ ಇಡೀ ಸಂಸಾರ ಸಾಲ್ವಿನಿಯಾ ಗಿಡದಲ್ಲೇ. ಹೆಣ್ಣು ತನ್ನ ಮೂತಿಯಿಂದ ಮೊಗ್ಗು, ಎಲೆಗಳಲ್ಲಿ ಸಣ್ಣ ಗುಳಿ ಮಾಡಿ ಒಂದೊಂದೇ ಮೊಟ್ಟೆಯಿಡುತ್ತದೆ. ಸುಮಾರು ಹತ್ತು ದಿನಕ್ಕೆ ಮೊಟ್ಟೆಯೊಡೆದು ಬಿಳಿಯ ಮರಿ ಹೊರಬರುತ್ತದೆ. ಮೊದಲು ಚಿಗುರು, ಜೋಲಾಡುವ ನೂಲುಗಳನ್ನು ತಿಂದು, ಆಮೇಲೆ ಕಾಂಡದೊಳಕ್ಕೆ ನುಸುಳುತ್ತದೆ. ಮೂರು ವಾರಗಳಿಗೂ ತುಸು ಹೆಚ್ಚು ಕಾಲ ಒಳಗೇ ಕೊರೆದು, ನೀರಿನಡಿ ಆ ನೂಲುಗಳ ನಡುವೆ ಗೂಡು ಹೆಣೆದುಕೊಂಡು ಕೋಶಾವಸ್ಥೆಗೆ ಹೋಗುತ್ತದೆ. ಹೊರಬಂದ ದುಂಬಿ ಮೊದಲು ಕಂದು, ಕೆಲ ದಿನಗಳಲ್ಲಿ ಕಪ್ಪು. ಮೊಟ್ಟೆಯಿಂದ ದುಂಬಿಯಾಗಲು ಒಟ್ಟು ಒಂದೂವರೆ ತಿಂಗಳು ಸಾಕು. ಮೈಗೆ ಅಂಟಿದ ಗಾಳಿಯ ಪದರದ ನೆರವಿನಿಂದ ನೀರಿನೊಳಗೂ ಉಸಿರಾಡಬಲ್ಲ ಈ ದುಂಬಿ ಹಾರುವುದು ಅಪರೂಪ.

ಕೊಲ್ಲುವ ಕೆಲಸ ಎರಡು ಕಡೆಯಿಂದ ನಡೆಯುತ್ತದೆ. ದೊಡ್ಡ ಹುಳುಗಳು ಗಿಡದ ತುದಿಮೊಗ್ಗುಗಳನ್ನು ತಿಂದರೆ ಮರಿಗಳು ಕಾಂಡವನ್ನು ಟೊಳ್ಳು ಮಾಡುತ್ತವೆ. ಬೆಳವಣಿಗೆ ಇರುವುದೇ ಮೊಗ್ಗಿನಲ್ಲಿ. ಮೊಗ್ಗು ಹೋದ ಗಿಡ ಹೊಸ ಮೊಗ್ಗು ಬಿಡುತ್ತದೆ, ಹುಳು ಅದನ್ನೂ ತಿನ್ನುತ್ತದೆ. ಟೊಳ್ಳಾದ ಕಾಂಡಕ್ಕೆ ನೀರು ನುಗ್ಗಿ ಚಾಪೆ ಕೊಳೆತು ತಳ ಸೇರುತ್ತದೆ.

ಇದಕ್ಕೂ ಒಂದು ಷರತ್ತುಂಟು. ಪಪುವಾ ನ್ಯೂಗಿನಿಯ ಸೆಪಿಕ್ ನದಿ ಬಯಲಿನಲ್ಲಿ ಅದು ಬೆಳಕಿಗೆ ಬಂತು. ಅಲ್ಲಿನ ಕೊಳಗಳಲ್ಲಿ 1970ರ ದಶಕದಲ್ಲಿ ಬೇರೂರಿದ ಸಾಲ್ವಿನಿಯಾ 250 ಚದರ ಕಿಲೋಮೀಟರ್ ಆವರಿಸಿತ್ತು. ಮೀನಿಗೂ, ಸಾಗೋ ಹಿಟ್ಟಿಗೂ, ಆಸ್ಪತ್ರೆಗೂ ದೋಣಿಯನ್ನೇ ನಂಬಿದ ಜನ ಹಳ್ಳಿಗಳನ್ನೇ ತೊರೆದು ಹೋಗಬೇಕಾಯಿತು. 1982ರಲ್ಲಿ ಬಿಟ್ಟ ಹುಳುಗಳು ಮೊದಮೊದಲು ನೆಲೆ ನಿಲ್ಲಲಿಲ್ಲ. ಪರೀಕ್ಷಿಸಿದಾಗ ಗಿಡಗಳಲ್ಲಿ ಸಾರಜನಕ ತೀರ ಕಡಿಮೆಯಿರುವುದು ತಿಳಿಯಿತು. ಬಡ ಗಿಡ ತಿಂದ ಹುಳು ಮರಿ ಮಾಡದು. ವಿಜ್ಞಾನಿಗಳು ಕಳೆಗೆ ಯೂರಿಯಾ ಗೊಬ್ಬರ ಹಾಕಿದರು! ಕೊಲ್ಲಬೇಕಾದ ಗಿಡವನ್ನು ಕೊಬ್ಬಿಸುವ ಈ ಉಪಾಯ ಫಲಿಸಿತು. ಹುಳುಗಳು ಒಮ್ಮೆ ಹೆಚ್ಚಿಕೊಂಡ ಮೇಲೆ ಗೊಬ್ಬರದ ಅಗತ್ಯ ಬೀಳಲಿಲ್ಲ. ತುದಿ ಕಡಿಸಿಕೊಂಡ ಗಿಡ ಬಿಡುವ ಎಳೆಯ ಮೊಗ್ಗುಗಳಲ್ಲೇ ಬೇಕಾದಷ್ಟು ಸಾರಜನಕವಿತ್ತು. ಹುಳು ತುಂಬಿದ ಗಿಡಗಳನ್ನು ಚೀಲಗಳಲ್ಲಿ ತುಂಬಿ ಕೊಳದಿಂದ ಕೊಳಕ್ಕೆ ಹಂಚಿದರು. 1985ರ ವೇಳೆಗೆ 250 ಚದರ ಕಿಲೋಮೀಟರ್ ಕಳೆ ಎರಡಕ್ಕೆ ಇಳಿದಿತ್ತು. ಊರು ಬಿಟ್ಟವರು ಮರಳಿದರು. ಅದೇ ವರ್ಷ ಈ ಕೆಲಸಕ್ಕೆ ಯುನೆಸ್ಕೋದ ವಿಜ್ಞಾನ ಪ್ರಶಸ್ತಿ ಬಂತು.

ಬೆಂಗಳೂರಿನ ನೈದಿಲೆ ಕೊಳ

ಭಾರತದಲ್ಲಿ ಈ ಹುಳುವಿನ ಮೊದಲ ಮನೆ ಬೆಂಗಳೂರು. 1980ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದಿಂದ ತರಿಸಿದ ಹುಳುಗಳನ್ನು ಇಲ್ಲಿ ಮೊದಲು ಬಂದೋಬಸ್ತಿನಲ್ಲಿ ಸಾಕಲಾಯಿತು. ಹೊರಗೆ ಬಿಡುವ ಮುನ್ನ ಒಂದು ಪ್ರಶ್ನೆಗೆ ಖಚಿತ ಉತ್ತರ ಬೇಕಿತ್ತು: ಸಾಲ್ವಿನಿಯಾ ಮುಗಿದ ಮೇಲೆ ಇದು ಭತ್ತಕ್ಕೋ ತರಕಾರಿಗೋ ಬಾಯಿ ಹಾಕಿದರೆ? ಎಪ್ಪತ್ತಕ್ಕೂ ಹೆಚ್ಚು ಬಗೆಯ ಸಸ್ಯಗಳನ್ನು ಅದರ ಮುಂದಿಟ್ಟು ಪರೀಕ್ಷಿಸಿದರು. ಹುಳು ತನ್ನ ಗಿಡ ಬಿಟ್ಟು ಬೇರೆಡೆ ಸಂಸಾರ ಹೂಡಲಿಲ್ಲ.

1983–84ರಲ್ಲಿ ಸಾಲ್ವಿನಿಯಾ ತುಂಬಿಕೊಂಡಿದ್ದ ಬೆಂಗಳೂರಿನ ಒಂದು ನೈದಿಲೆ ಕೊಳಕ್ಕೆ ಹುಳುಗಳನ್ನು ಬಿಡಲಾಯಿತು. ಹನ್ನೊಂದು ತಿಂಗಳಲ್ಲಿ ಕಳೆ ಕುಸಿಯಿತು. ಅದರಡಿಯಲ್ಲಿ ಉಸಿರುಗಟ್ಟಿದ್ದ ನೈದಿಲೆಗಳು ಮತ್ತೆ ತಲೆಯೆತ್ತಿದವು. ಒಂದು ಕಳೆ ಹೋಗಿ, ಅದೇ ನೀರಿನ ಮತ್ತೊಂದು ಗಿಡ ಹಾಗೆಯೇ ಉಳಿದದ್ದೇ ಹುಳುವಿನ ನಿಷ್ಠೆಗೆ ಸಾಕ್ಷಿ.

ಅದೇ ಹೊತ್ತಿಗೆ ಕೇರಳ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ತಮ್ಮ ಕಾಲುವೆ, ಗದ್ದೆಗಳಿಗೆ ಹುಳುವನ್ನು ಇಳಿಸಿದರು. 1988ರ ಹೊತ್ತಿಗೆ ಕುಟ್ಟನಾಡಿನ ವಿಶಾಲ ಪ್ರದೇಶ ತೆರವಾಗಿ ದೋಣಿಗಳು ಮತ್ತೆ ಓಡಾಡತೊಡಗಿದವು. ಕಳೆ ಬಾಚಲು ಭತ್ತದ ಬೇಸಾಯಗಾರ ಹೆಕ್ಟೇರಿಗೆ 235 ರೂಪಾಯಿ ಕೂಲಿ ತೆರುತ್ತಿದ್ದ. ಆ ಖರ್ಚು ಇಲ್ಲವಾದದ್ದರಿಂದಲೇ ವರ್ಷಕ್ಕೆ ಸುಮಾರು 68 ಲಕ್ಷ ರೂಪಾಯಿ ಉಳಿಯಿತೆಂದು ಆಗ ಲೆಕ್ಕ ಹಾಕಲಾಗಿತ್ತು. ಹುಳುವಿಗೆ ಸಂಬಳವಿಲ್ಲ, ರಜೆಯೂ ಇಲ್ಲ. ಕಳೆ ಮೊದಲು ಕಾಲಿಟ್ಟ ಶ್ರೀಲಂಕಾದಲ್ಲೂ 1986ರಿಂದ ಇದೇ ಹುಳುವಿನ ಪ್ರಯೋಗವಾಯಿತು. ಹಾಕಿದ ಹಣಕ್ಕೆ ಐವತ್ತು ಪಟ್ಟಿಗೂ ಮಿಕ್ಕ ಲಾಭ ದಕ್ಕಿತೆಂದು ಅರ್ಥಶಾಸ್ತ್ರಜ್ಞರು ಅಂದಾಜು ಮಾಡಿದರು. ಇತ್ತೀಚಿನ ವರ್ಷಗಳಲ್ಲಿ ಮಧ್ಯಪ್ರದೇಶದ ಬೇತೂಲ್ ಜಿಲ್ಲೆಯ ಸಾತ್ಪುರಾ ಜಲಾಶಯದಲ್ಲೂ ಈ ಹುಳುವನ್ನು ಕೆಲಸಕ್ಕೆ ಹಚ್ಚಲಾಗಿದೆ.

ಎರಡು ಹಳೆಯ ಪಾಠಗಳು

ಹುಳುವಿನಿಂದ ಕಳೆ ಕಳೆಯುವ ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲ, ಅದು ಶುರುವಾದದ್ದೂ ಹೆಸರಿನ ತಪ್ಪಿನಿಂದಲೇ. 1795ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ, ಕೆಂಪು ಬಣ್ಣ ಕೊಡುವ ಬೆಲೆಬಾಳುವ ಕೊಚಿನೀಲ್ ಕೀಟವೆಂದು ನಂಬಿ ಬ್ರೆಜಿಲ್‌ನಿಂದ ಅದರ ದಾಯಾದಿಯೊಂದನ್ನು ತರಲಾಯಿತು. ಬಣ್ಣದ ವ್ಯಾಪಾರ ಕುದುರಲಿಲ್ಲ. ಆದರೆ ಆ ಕೀಟ ಹೊಲಗಳನ್ನು ನುಂಗಿದ್ದ ಒಂದು ಬಗೆಯ ಪಾಪಾಸುಕಳ್ಳಿಯನ್ನು ತಿಂದು ಹಾಕಿತು. ಮುಂದೆ ದಕ್ಷಿಣ ಭಾರತಕ್ಕೂ ಶ್ರೀಲಂಕಾಕ್ಕೂ ಅದನ್ನು ಬೇಕೆಂದೇ ಒಯ್ದರು.

ಎರಡನೆಯ ಪಾಠ ಕಹಿಯಾದದ್ದು. 1935ರಲ್ಲಿ ಕಬ್ಬಿನ ದುಂಬಿಗಳನ್ನು ತಿನ್ನಲೆಂದು ಆಸ್ಟ್ರೇಲಿಯಾಕ್ಕೆ ತಂದ ಅಮೆರಿಕದ ದೊಡ್ಡ ನೆಲಗಪ್ಪೆ ದುಂಬಿಗಳನ್ನು ಬಿಟ್ಟು ಸಿಕ್ಕಿದ್ದನ್ನೆಲ್ಲ ತಿಂದು, ತನ್ನ ವಿಷದಿಂದ ಅಲ್ಲಿನ ಪ್ರಾಣಿಗಳನ್ನು ಕೊಂದು, ತಾನೇ ಪಿಡುಗಾಯಿತು. ಕಪ್ಪೆಗೂ ಮೂತಿಹುಳುವಿಗೂ ಇರುವ ವ್ಯತ್ಯಾಸ ಇಷ್ಟೇ: ಕಪ್ಪೆ ಏನನ್ನಾದರೂ ತಿನ್ನುತ್ತದೆ, ಮೂತಿಹುಳು ಒಂದನ್ನೇ ತಿನ್ನುತ್ತದೆ. ಒಂದೇ ಗಿಡಕ್ಕೆ ಕಟ್ಟುಬಿದ್ದದ್ದು ಹುಳುವಿನ ಪಾಲಿಗೆ ದೌರ್ಬಲ್ಯವಿರಬಹುದು, ಮನುಷ್ಯನ ಪಾಲಿಗೆ ಅದೇ ಭದ್ರತೆ.

ಈ ಹುಳುವಿಗೂ ಮಿತಿಗಳಿವೆ. ಚಳಿ ಅದಕ್ಕೆ ಆಗದು. ಅಮೆರಿಕದ ಟೆಕ್ಸಾಸ್, ಲೂಸಿಯಾನಾಗಳ ಕೆರೆಗಳಲ್ಲಿ ಹೆಪ್ಪುಗಟ್ಟುವ ಚಳಿಗಾಲ ಬಂದಾಗ ಹುಳುಗಳು ಸತ್ತು ಕಳೆ ಮತ್ತೆ ಚಿಗುರುತ್ತದೆ. ಕಳೆಯನ್ನು ಇದು ಬೇರುಸಹಿತ ನಿರ್ಮೂಲ ಮಾಡುವುದೂ ಇಲ್ಲ. ಕಳೆ ಕಡಿಮೆಯಾದಂತೆ ಹುಳುವೂ ಕಡಿಮೆಯಾಗಿ, ಎರಡೂ ಅಲ್ಪಸ್ವಲ್ಪ ಉಳಿದು ಒಂದು ರಾಜಿಗೆ ಬರುತ್ತವೆ. ಒಂದು ಕಳೆ ಹೋದ ಜಾಗಕ್ಕೆ ಮತ್ತೊಂದು ಬರುವುದನ್ನೂ ಹುಳು ತಡೆಯಲಾರದು. ಬೆಂಗಳೂರಿನ ಕೆರೆಗಳನ್ನು ಮುಚ್ಚುವ ನೇರಳೆ ಹೂವಿನ ವಾಟರ್ ಹಯಸಿಂತ್‌ಗೆಂದು ನಿಯೋಕೆಟಿನಾ ಎಂಬ ಇನ್ನೊಂದು ಕುಲದ ಮೂತಿಹುಳುಗಳನ್ನು 1980ರ ದಶಕದಲ್ಲೇ ತರಲಾಗಿತ್ತು. ಆದರೆ ಕೆರೆಗೆ ಕೊಳಚೆ ಹರಿಯುತ್ತಿರುವವರೆಗೂ ಕಳೆಗೆ ಊಟ ಬಡಿಸುತ್ತಿರುವವರು ನಾವೇ. ಬಡಿಸುವ ಕೈ ನಿಲ್ಲದೆ ತಿನ್ನುವ ಬಾಯಿಯೊಂದನ್ನೇ ದೂರಿ ಫಲವಿಲ್ಲ.

ಗಿಡದ ಕೂದಲನ್ನೂ ಹುಳುವಿನ ಕಾಲನ್ನೂ ಸೂಕ್ಷ್ಮದರ್ಶಕದಡಿ ಎಣಿಸುತ್ತ ಕೂರುವ ವರ್ಗೀಕರಣ ಶಾಸ್ತ್ರಜ್ಞರ ಕೆಲಸ ಜನರ ಕಣ್ಣಿಗೆ ನಿರುಪಯೋಗಿ ಹವ್ಯಾಸದಂತೆ ಕಾಣುತ್ತದೆ. ವಸ್ತುಸಂಗ್ರಹಾಲಯದ ಪೆಟ್ಟಿಗೆಯಲ್ಲಿ ಸೂಜಿಗೆ ಸಿಕ್ಕಿಸಿದ ಎರಡು ಕಪ್ಪು ಚುಕ್ಕೆಗಳು ಒಂದೇ ಪ್ರಭೇದವೋ ಬೇರೆ ಬೇರೆಯೋ ಎಂಬುದರಿಂದ ಯಾರಿಗೇನಾಗಬೇಕು ಎಂದು ಕೇಳುವವರುಂಟು. ಕಳೆಯನ್ನು ಸರಿಯಾಗಿ ಗುರುತಿಸಲು ತಡವಾದ ಆ ವರ್ಷಗಳಲ್ಲೆಲ್ಲ ಕುಟ್ಟನಾಡಿನ ಬೇಸಾಯಗಾರ ಕಾಲುವೆಯಲ್ಲಿ ಸೊಂಟದುದ್ದ ನಿಂತು ಕಳೆ ಬಾಚುತ್ತಿದ್ದ.